ನೋಡುವವರ ನಗೆಮಾತು
(ರೈತರ ಕೂಟದಲ್ಲಿ ಮಾಡಿದ ಭಾಷಣ)



ಬಿತ್ತನೆ, ಗೊಬ್ಬರ, ದನಕರುಗಳ ರೋಗ ಮುಂತಾದ ವಿಚಾರಗಳನ್ನು ಕೇಳಲು ತಾವು ಸೇರುವುದು ವಾಡಿಕೆ. ಈ ಹೊತ್ತು ನಾನು ಆರಿಸಿಕೊಂಡಿರುವ ವಿಷಯ ಸ್ವಲ್ಪ ಬೇರೆ. ಮೊಬೈಲಿನಲ್ಲಿ ಬರುವ ಕಿರು ವಿಡಿಯೋಗಳನ್ನು ನೋಡಿದವರು ಅವುಗಳ ಕೆಳಗೆ ಬರೆಯುವ ನಗೆಮಾತು, ಹರಟೆ, ಕೀಟಲೆಗಳ ಬಗ್ಗೆ ತಮ್ಮೊಡನೆ ಮಾತನಾಡಬೇಕೆಂದಿದ್ದೇನೆ.

ಇದೂ ಒಂದು ವಿಷಯವೇ ಎಂದು ಹಿರಿಯರು ಕೇಳಬಹುದು. ರಾತ್ರಿ ಊಟವಾದ ಮೇಲೆ ಮನೆಮಂದಿ ಏನು ಮಾಡುತ್ತಾರೆಂಬುದನ್ನು ಒಮ್ಮೆ ಗಮನಿಸಿ. ಜಗುಲಿಯ ಮೇಲೆ ಮಗ, ಒಲೆಯ ಬಳಿ ಸೊಸೆ, ಕಂಬಳಿಯೊಳಗೆ ಮೊಮ್ಮಗ, ಎಲ್ಲರ ಕೈಯಲ್ಲೂ ಅದೇ. ನೋಡಿ ನಕ್ಕು ಸುಮ್ಮನಾಗುವವರು ಕೆಲವರು. ಎರಡು ಸಾಲು ಬರೆಯದೆ ಮುಂದಕ್ಕೆ ಹೋಗದವರು ಇನ್ನು ಕೆಲವರು. ಆ ಎರಡು ಸಾಲು ಎಷ್ಟು ದೂರ ಹೋಗುತ್ತದೆ, ಯಾರ ಮನೆಯ ಬಾಗಿಲು ತಟ್ಟುತ್ತದೆ ಎಂಬುದನ್ನು ನಾವು ತಿಳಿದಿರಬೇಕು.

ನೋಡುವವರು ಮಾತನಾಡುವುದು ಹೊಸದೇನೂ ಅಲ್ಲ. ದೊಡ್ಡಾಟದ ಸಾರಥಿಯೋ ಯಕ್ಷಗಾನದ ಹಾಸ್ಯಗಾರನೋ ಒಂದು ಚಟಾಕಿ ಹಾರಿಸಿದರೆ, ಮುಂದೆ ಕುಳಿತವರಲ್ಲಿ ಒಬ್ಬ ಅದಕ್ಕೆ ಸರಿಜೋಡಿಯಾದ ಇನ್ನೊಂದನ್ನು ಎಸೆಯುವುದುಂಟು. ಕಂಪನಿ ನಾಟಕಗಳಲ್ಲಿ ಹಾಡು ಮೆಚ್ಚುಗೆಯಾಯಿತೆಂದರೆ ಜನ "ವನ್ಸ್ ಮೋರ್" ಎಂದು ಕೂಗಿ ಮತ್ತೊಮ್ಮೆ ಹಾಡಿಸುತ್ತಿದ್ದರು. ಟೆಂಟ್ ಸಿನಿಮಾದಲ್ಲಿ ಸಿಳ್ಳೆ ಹೊಡೆಯುತ್ತಿದ್ದರು, ಪರದೆಯ ಕಡೆಗೆ ಚಿಲ್ಲರೆ ಕಾಸು ತೂರುತ್ತಿದ್ದರು. ಆಟ ಅರ್ಧ, ನೋಡುವವರ ಮಾತು ಅರ್ಧ. ಎರಡೂ ಕೂಡಿದರೆ ಸೊಗಸು. ಆದರೆ ಟೆಂಟಿನೊಳಗೆ ಹುಟ್ಟಿದ ಮಾತು ಟೆಂಟಿನೊಳಗೇ ಮುಗಿಯುತ್ತಿತ್ತು.

ಈಗಿನ ಟೆಂಟಿಗೆ ಗಡಿಯೇ ಇಲ್ಲ. ಯೂಟ್ಯೂಬಿನಲ್ಲಿ ಮೊಟ್ಟಮೊದಲ ವಿಡಿಯೋ ಬಂದದ್ದು ೨೦೦೫ನೆಯ ಇಸವಿ ಏಪ್ರಿಲ್ ೨೩ರಂದು. ಆ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಜಾವೇದ್ ಕರೀಮ್ ಅಮೆರಿಕದ ಸ್ಯಾನ್ ಡಿಯಾಗೋ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು, ಇವುಗಳ ಸೊಂಡಿಲು ಬಲು ಉದ್ದ ಎನ್ನುತ್ತಾರೆ. ೧೯ ಸೆಕೆಂಡಿಗೆ ಮುಗಿಯಿತು. ಇಷ್ಟೇ ಇಷ್ಟು ಇರುವ ಆ ತುಣುಕಿನ ಕೆಳಗೆ ಲಕ್ಷಾಂತರ ಜನ ತಮಾಷೆ ಬರೆದು ಹೋಗಿದ್ದಾರೆ. ಜಾತ್ರೆಗೆ ಹೋದವರು ತೇರಿಗೆ ಬಾಳೆಹಣ್ಣು ಎಸೆದು ಬರುವಂತೆ, ತಾನೂ ಬಂದಿದ್ದೆನೆಂದು ಗುರುತು ಇಟ್ಟು ಬರುವ ಆಸೆ ಮನುಷ್ಯನಿಗೆ ಎಲ್ಲಿ ಹೋದರೂ ಇದ್ದದ್ದೇ.

ನಮ್ಮ ದೇಶದಲ್ಲಿ ೨೦೧೬ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು. ವಿಡಿಯೋ ನೋಡುವುದು ಹಳ್ಳಿಯವರ ಕೈಗೂ ಎಟುಕಿತು. ಟಿಕ್‌ಟಾಕ್ ಬಂದಾಗ ಹೊಲದ ಬದುವಿನ ಮೇಲೆ ನಿಂತು ಕುಣಿದವರೂ ಹಾಡಿದವರೂ ಬಹಳ ಮಂದಿ. ೨೦೨೦ರ ಜೂನ್ ೨೯ರಂದು ಭಾರತ ಸರ್ಕಾರ ಟಿಕ್‌ಟಾಕನ್ನೂ ಸೇರಿಸಿ ೫೯ ಆ್ಯಪ್‌ಗಳನ್ನು ನಿಷೇಧಿಸಿತು. ಅದೇ ವರ್ಷ ಜುಲೈಯಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಇಲ್ಲಿಗೆ ಬಂದವು. ಒಂದು ನಿಮಿಷ ಮೀರದಂತಿದ್ದ ಶಾರ್ಟ್ಸ್ ೨೦೨೪ರ ಅಕ್ಟೋಬರಿನಿಂದ ಮೂರು ನಿಮಿಷದವರೆಗೂ ಇರಬಹುದೆಂದಾಯಿತು. ಅಂಗಡಿ ಬದಲಾಯಿತು, ಗಿರಾಕಿಗಳೂ ಅವರ ಹರಟೆಯೂ ಮೊದಲಿನಂತೆಯೇ ಉಳಿದವು.

ಈ ಹರಟೆಯ ರೀತಿಯನ್ನು ಒಂದು ಉದಾಹರಣೆಯಿಂದ ನೋಡೋಣ. ರೈತನೊಬ್ಬ ಹನಿ ನೀರಾವರಿಯ ಪೈಪು ಹಿಡಿದು ವಿವರಿಸುತ್ತಿದ್ದಾನೆಂದು ಭಾವಿಸಿ. ಹಿಂದಿನಿಂದ ಒಂದು ಕರು ಬಂದು ಅವನ ಹೆಗಲ ಮೇಲಿನ ಟವಲು ಮೆಲ್ಲುತ್ತಿದೆ, ಅವನಿಗೆ ತಿಳಿಯದು. ಕೆಳಗೆ ಒಬ್ಬ ಬರೆಯುತ್ತಾನೆ: "ಪಾಠ ಅಣ್ಣನದು, ಫೀಜು ಕರುವಿನದು." ಇನ್ನೊಬ್ಬ: "ಟವಲಿಗೂ ಹನಿಹನಿಯಾಗಿ ನೀರು ಬೀಳ್ತಾ ಇದೆ, ನೋಡಿ." ಮೂರನೆಯವನು ಬಹಳ ಗಂಭೀರವಾಗಿ, "ಆ ಟವಲು ಯಾವ ತಳಿ? ಎಕರೆಗೆ ಎಷ್ಟು ಇಳುವರಿ?" ಎಂದು ಕೇಳುತ್ತಾನೆ. ಕೋಲಾಟದಲ್ಲಿ ಒಬ್ಬನ ಕೋಲಿಗೆ ಇನ್ನೊಬ್ಬ ಕೋಲು ಕೊಡುವಂತೆ ಮಾತಿಗೆ ಮಾತು ಬೀಳುತ್ತದೆ. ಹೆಚ್ಚು ಜನ ಮೆಚ್ಚಿದ ಮಾತು ಮೇಲಕ್ಕೆ ಏರುತ್ತದೆ. ವಿಡಿಯೋ ನೋಡುವ ಮೊದಲೇ ಈ ಮಾತುಗಳನ್ನು ಓದುವವರೂ ಇದ್ದಾರೆ.

ಬರೆಯುವ ಭಾಷೆಯೂ ವಿಚಿತ್ರ. ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರುಂಟು. ಏನೂ ಬರೆಯದೆ ನಕ್ಕೂ ನಕ್ಕೂ ಕಣ್ಣೀರು ಸುರಿಸುವ ಪುಟ್ಟ ಮುಖವನ್ನು ಒತ್ತಿ ಹೋಗುವವರುಂಟು. ೨೦೧೫ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ಆ ಮುಖವನ್ನೇ ವರ್ಷದ ಪದವೆಂದು ಆರಿಸಿದರು. ಅಕ್ಷರವಿಲ್ಲದ ಪದಕ್ಕೆ ನಿಘಂಟಿನವರ ಮನ್ನಣೆ ಸಿಕ್ಕಿದ್ದು ಅದೇ ಮೊದಲು.

ಇಷ್ಟರವರೆಗೆ ಯಾರಿಗೂ ತೊಂದರೆಯಿಲ್ಲ. ಟವಲು ಕಳೆದುಕೊಂಡ ಅಣ್ಣನೂ ಓದಿ ನಗುತ್ತಾನೆ. ಈ ನಗುವಿನ ನಡುವೆಯೇ "ಪೈಪಿನಲ್ಲಿ ಉಪ್ಪು ಕಟ್ಟಿದರೆ ಏನು ಮಾಡಬೇಕು?" ಎಂದು ಒಬ್ಬ ಕೇಳಿ, ಬಲ್ಲ ಇನ್ನೊಬ್ಬ ಉತ್ತರ ಕೊಟ್ಟರೆ, ಅದು ಅರಳಿಕಟ್ಟೆಯ ಮಾತಿನಷ್ಟೇ ಉಪಯುಕ್ತ. ದೂರದ ಮುಂಬಯಿಯಲ್ಲೋ ದುಬೈಯಲ್ಲೋ ಇರುವ ನಮ್ಮವರು ಊರಿನ ಹೊಲ ಕಂಡು ಎರಡು ಮಾತು ಬರೆದರೆ, ಊರಿಗೆ ಒಂದು ಕಾಗದ ಬಂದಂತೆಯೇ ಆಯಿತು.

ಇನ್ನು ನಮ್ಮ ನಾಡಿನಲ್ಲೇ ನಡೆದ ಸಂಗತಿಯೊಂದನ್ನು ಹೇಳುತ್ತೇನೆ. ೨೦೨೦ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡರು ಕೋಣಗಳ ಜೊತೆ ೧೪೨.೫ ಮೀಟರ್ ಕೆಸರುಗದ್ದೆಯನ್ನು ೧೩.೬೨ ಸೆಕೆಂಡಿನಲ್ಲಿ ಓಡಿದರು. ಅದರ ತುಣುಕು ಮೊಬೈಲಿನಿಂದ ಮೊಬೈಲಿಗೆ ಹಾರಿತು. ನೋಡಿದವರು ಲೆಕ್ಕಕ್ಕೆ ಕುಳಿತರು. ನೂರು ಮೀಟರಿಗೆ ೯.೫೫ ಸೆಕೆಂಡು ಬಂತು. ಜಮೈಕದ ಉಸೇನ್ ಬೋಲ್ಟ್ ೨೦೦೯ರಲ್ಲಿ ಬರ್ಲಿನ್ನಿನಲ್ಲಿ ಮಾಡಿದ ವಿಶ್ವದಾಖಲೆ ೯.೫೮. ಅಲ್ಲಿಗೆ, ಬೋಲ್ಟನನ್ನೇ ಸೋಲಿಸಿದ ಕನ್ನಡಿಗ ಎಂದು ತಮಾಷೆಗೆ ಹುಟ್ಟಿದ ಮಾತು ನಿಜವೆಂಬಂತೆ ಹಬ್ಬಿತು. ಆಗ ಕೇಂದ್ರದ ಕ್ರೀಡಾ ಸಚಿವರಾಗಿದ್ದ ಕಿರಣ್ ರಿಜಿಜು ಅವರು ಕ್ರೀಡಾ ಪ್ರಾಧಿಕಾರದ ತರಬೇತುದಾರರಿಂದ ಗೌಡರ ಓಟವನ್ನು ಪರೀಕ್ಷಿಸುವುದಾಗಿ ಹೇಳಿದರು.

ಲೆಕ್ಕ ಹಾಕಿದವರು ಕೋಣಗಳನ್ನು ಮರೆತಿದ್ದರು. ಕಂಬಳದಲ್ಲಿ ಓಟಗಾರನನ್ನು ಮುಂದಕ್ಕೆ ಎಳೆಯುವುದು ಕೋಣಗಳ ಬಲ. ಬೋಲ್ಟನ ಮುಂದೆ ಯಾವ ಜೋಡಿಯೂ ಇರಲಿಲ್ಲ. ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಶ್ರೀನಿವಾಸ ಗೌಡರೇ. ಗೆಲುವಿನ ಪಾಲನ್ನು ಅವರು ಕೋಣಗಳಿಗೂ ಕೊಟ್ಟರು. ಬೋಲ್ಟ್ ಲೋಕವೇ ಬಲ್ಲ ಓಟಗಾರ, ತಾನು ಕೆಸರುಗದ್ದೆಯಲ್ಲಿ ಓಡುವವನು ಎಂದರು. ಕಂಬಳದಲ್ಲಿ ಹಿಮ್ಮಡಿಯ ಮೇಲೆ, ಟ್ರ್ಯಾಕಿನಲ್ಲಿ ಕಾಲ್ಬೆರಳ ಮೇಲೆ ಓಡಬೇಕಾಗುತ್ತದೆ ಎಂದು ವಿವರಿಸಿದರು. ಪರೀಕ್ಷೆಗೆ ಹೋಗದೆ ಕಂಬಳದಲ್ಲೇ ಉಳಿದರು. ಸಾವಿರಾರು ಜನರ ಹೊಗಳಿಕೆ ಬಂದಾಗ ಕಾಲು ನೆಲ ಬಿಡದಂತೆ ನಿಲ್ಲುವುದು ಸುಲಭವಲ್ಲ. ಅವರ ಕಾಲು ಕೆಸರಿನಲ್ಲಿ ಗಟ್ಟಿಯಾಗಿ ಊರಿತ್ತು.

ಎಲ್ಲರಿಗೂ ಹೀಗೆ ನಿಲ್ಲುವ ಅವಕಾಶ ಸಿಗುವುದಿಲ್ಲ. ೨೦೧೯ರಲ್ಲಿ ಪಶ್ಚಿಮ ಬಂಗಾಳದ ರಾಣಾಘಾಟ್ ರೈಲು ನಿಲ್ದಾಣದಲ್ಲಿ ಹಾಡುತ್ತಿದ್ದ ರಾನು ಮಂಡಲ್ ಎಂಬ ಬಡ ಹೆಂಗಸಿನ ವಿಡಿಯೋ ದೇಶವನ್ನೆಲ್ಲ ಸುತ್ತಿತು. ಜನ ಹೊಗಳಿದ್ದೇ ಹೊಗಳಿದ್ದು. ಹಿಂದಿ ಚಿತ್ರದಲ್ಲಿ ಹಾಡುವ ಅವಕಾಶವೂ ಬಂತು. ಅದೇ ವರ್ಷದ ನವೆಂಬರಿನಲ್ಲಿ, ಮುಖಕ್ಕೆ ವಿಪರೀತ ಬಣ್ಣ ಬಳಿದಂತೆ ಕಾಣುವ ಆಕೆಯ ಚಿತ್ರವೊಂದು ಹೊರಟಿತು. ಮೊದಲು ಕಣ್ಣೊರೆಸಿಕೊಂಡು ಮೆಚ್ಚಿದ್ದ ಜನವೇ ಈಗ ಗೇಲಿಗೆ ನಿಂತಿತು. ಅಲಂಕಾರ ಮಾಡಿದ್ದವರು ಮೂಲ ಚಿತ್ರವನ್ನು ಪಕ್ಕದಲ್ಲಿಟ್ಟು, ಹಬ್ಬಿದ ಚಿತ್ರ ಯಾರೋ ತಿದ್ದಿದ್ದೆಂದು ತೋರಿಸಿದರು. ಅಷ್ಟರಲ್ಲಿ ನಗುವವರು ನಕ್ಕು ಆಗಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಇಂಥದಕ್ಕೇ ಹುಟ್ಟಿರಬೇಕು.

ಅರಳಿಕಟ್ಟೆಯಲ್ಲೂ ನಾವು ಒಬ್ಬರನ್ನೊಬ್ಬರು ಕಾಲೆಳೆಯುತ್ತೇವೆ. ಆದರೆ ಅಲ್ಲಿ ಎದುರಿಗಿರುವವನ ಮುಖ ಕಾಣುತ್ತದೆ. ಮುಖ ಬಾಡಿತೆಂದರೆ ಹಿರಿಯನೊಬ್ಬ "ಸಾಕು ಬಿಡ್ರಪ್ಪ" ಎನ್ನುತ್ತಾನೆ. ಮಾತು ಬೇರೆ ಕಡೆಗೆ ಹೊರಳುತ್ತದೆ. ಮಾರನೆಯ ದಿನ ಅದೇ ಮನುಷ್ಯನ ಹತ್ತಿರ ಎತ್ತಿನ ಗಾಡಿಯನ್ನೋ ಟ್ರ್ಯಾಕ್ಟರನ್ನೋ ಕೇಳಬೇಕಾದೀತೆಂಬ ಅಳುಕೂ ಇರುತ್ತದೆ. ಮೊಬೈಲಿನಲ್ಲಿ ಮುಖ ಕಾಣುವುದಿಲ್ಲ, ಹಿರಿಯನೂ ಇಲ್ಲ, ಅಳುಕೂ ಇಲ್ಲ. ಬರೆದದ್ದು ಬೆಳಗಾದರೂ ಅಲ್ಲೇ ಇರುತ್ತದೆ. ಆ ಹುಡುಗಿ ಶಾಲೆಗೆ ಹೋದರೆ ಸಹಪಾಠಿಗಳು ಅದನ್ನೇ ಓದಿ ತೋರಿಸುತ್ತಾರೆ.

ಇನ್ನೊಂದು ಸೂಕ್ಷ್ಮವನ್ನು ತಾವು ಮನಗಾಣಬೇಕು. ಯಾವ ವಿಡಿಯೋವನ್ನು ಎಷ್ಟು ಜನರ ಮುಂದೆ ಇಡಬೇಕೆಂದು ಗೊತ್ತುಮಾಡುವುದು ಕಂಪನಿಯ ಗಣಕಯಂತ್ರ. ಎಷ್ಟು ಹೊತ್ತು ನೋಡಿದರು, ಎಷ್ಟು ಮಂದಿ ಮೆಚ್ಚಿದರು, ಬರೆದರು, ಹಂಚಿದರು ಎಂಬುದು ಅದರ ಲೆಕ್ಕದಲ್ಲಿ ಸೇರುತ್ತದೆ. ಕೆಟ್ಟ ವಿಡಿಯೋ ಕಂಡು ತಾವು ಸಿಟ್ಟಿನಿಂದ ಹತ್ತು ಸಾಲು ಬೈದರೂ ಅಲ್ಲಿ ಜನ ಕೂಡಿದ್ದಾರೆಂದೇ ಲೆಕ್ಕವಾಗಬಹುದು. ಬೈಸಿಕೊಳ್ಳಲೆಂದೇ ಬೇಕೆಂದು ತಪ್ಪು ಹೇಳುವವರೂ ಇದ್ದಾರೆ. ಜಗಳದ ಸುತ್ತ ಜನ ಸೇರಿದಷ್ಟೂ ಜಗಳವಾಡುವವನಿಗೆ ಹುರುಪು. ಅಂಥ ಕಡೆ ಬಾಯಿ ಮುಚ್ಚಿಕೊಂಡು ಮುಂದೆ ಹೋಗುವುದೇ ಸರಿಯಾದ ಉತ್ತರ.

ಆದುದರಿಂದ ತಾವೂ ತಮ್ಮ ಮಕ್ಕಳೂ ಗಮನದಲ್ಲಿಡಬೇಕಾದ ಕೆಲವು ಮಾತುಗಳನ್ನು ಹೇಳುತ್ತೇನೆ.

ಒಂದು: ನಡೆದ ಸಂಗತಿಗೆ ನಗಿ, ಮನುಷ್ಯನ ಮೈಬಣ್ಣ, ಜಾತಿ, ಬಡತನ, ಅಂಗವೈಕಲ್ಯಕ್ಕೆ ನಗಬೇಡಿ. ಧಾರವಾಡದವರ ಮಾತನ್ನು ಮೈಸೂರಿನವರು, ಮೈಸೂರಿನವರ ಮಾತನ್ನು ಕಲಬುರಗಿಯವರು ಹಂಗಿಸುವುದೂ ಬೇಡ. ಎಲ್ಲವೂ ಕನ್ನಡವೇ.

ಎರಡು: ಹೆಣ್ಣುಮಗಳೊಬ್ಬಳು ತನ್ನ ಹಾಡನ್ನೋ ಹೈನುಗಾರಿಕೆಯ ಅನುಭವವನ್ನೋ ಹೇಳಿಕೊಂಡಾಗ, ಆಕೆಯ ಸೀರೆ, ಮುಖಗಳ ಮಾತೆತ್ತುವವರು ಆಕೆಯ ಬಾಯಿ ಕಟ್ಟುತ್ತಾರೆ. ಅವಳು ಮತ್ತೆ ವಿಡಿಯೋ ಮಾಡುವುದಿಲ್ಲ. ಹತ್ತು ಮನೆಗೆ ಉಪಯೋಗವಾಗಬಹುದಾಗಿದ್ದ ತಿಳಿವಳಿಕೆ ಒಬ್ಬಳಲ್ಲೇ ಉಳಿಯುತ್ತದೆ.

ಮೂರು: ಹರಟೆಯ ನಡುವೆ ಬರುವ ಔಷಧದ ಸಲಹೆಯನ್ನು ನಂಬಿ ಬೆಳೆಗೆ ಸಿಂಪಡಿಸಬೇಡಿ. ತಮಾಷೆಗೆ ಬರೆದದ್ದು ಯಾವುದು, ತಿಳಿದು ಬರೆದದ್ದು ಯಾವುದು ಎಂದು ಅಲ್ಲಿ ಗೊತ್ತಾಗುವುದಿಲ್ಲ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಇಲ್ಲವೆ ಕಿಸಾನ್ ಕಾಲ್ ಸೆಂಟರಿನ ೧೮೦೦-೧೮೦-೧೫೫೧ ಸಂಖ್ಯೆಗೆ ಕರೆ ಮಾಡಿ. ಆ ಕರೆಗೆ ಹಣವಿಲ್ಲ.

ನಾಲ್ಕು: "ಬೀಜ ಬೇಕು, ನನ್ನ ನಂಬರು ಇದು" ಎಂದು ಎಲ್ಲರೂ ಓದುವ ಕಡೆ ಬರೆಯಬೇಡಿ. ಸಲುಗೆಯಿಂದ ಮಾತಿಗೆ ಬಂದವನು ಮುಂಗಡ ಹಣ ಕೇಳಿದರೆ, ಓಟಿಪಿ ಕೇಳಿದರೆ ಕೊಡಬೇಡಿ. ಮೋಸಹೋದದ್ದು ತಿಳಿದ ಕೂಡಲೇ ೧೯೩೦ಕ್ಕೆ ಕರೆ ಮಾಡಿ. ನಾಚಿಕೆಯಿಂದ ತಡ ಮಾಡಿದಷ್ಟೂ ಹಣ ಕೈಬಿಟ್ಟು ದೂರ ಹೋಗುತ್ತದೆ.

ಐದು: ಬರೆದ ಮೇಲೆ ಅದು ಸರಿಯಲ್ಲವೆನಿಸಿದರೆ ಅಳಿಸಿಹಾಕಿ. ತಾವು ಬರೆದದ್ದನ್ನು ತಾವೇ ಅಳಿಸುವ ಅನುಕೂಲ ಯೂಟ್ಯೂಬಿನಲ್ಲೂ ಇನ್‌ಸ್ಟಾಗ್ರಾಮಿನಲ್ಲೂ ಇದೆ. ಬಾಯಿಂದ ಬಿದ್ದ ಮಾತಿಗೆ ಈ ಅನುಕೂಲ ಎಂದೂ ಇರಲಿಲ್ಲ. ಆದರೆ ಅಷ್ಟರಲ್ಲಿ ಯಾರಾದರೂ ಅದರ ಚಿತ್ರ ತೆಗೆದಿಟ್ಟುಕೊಂಡಿದ್ದರೆ ಅಳಿಸಿಯೂ ಪ್ರಯೋಜನವಿಲ್ಲ. ಬರೆಯುವ ಮುನ್ನ ಒಂದು ಪ್ರಶ್ನೆ ಹಾಕಿಕೊಳ್ಳಿ: ಈ ಮಾತನ್ನು ಅವರ ಮನೆಯ ಜಗುಲಿಯ ಮೇಲೆ ಕುಳಿತು, ಅವರ ತಾಯಿ ಕೇಳುವಂತೆ ಹೇಳಬಲ್ಲೆನೇ?

ಇಷ್ಟು ಬೇಡಗಳನ್ನು ಹೇಳಿದ ಮೇಲೆ ಬೇಕಾದುದನ್ನೂ ಒಂದು ಹೇಳಬೇಕು. ೧೯೫೬ರಲ್ಲಿ ಪುಣೆಯ ಆಕಾಶವಾಣಿಯವರು ಯುನೆಸ್ಕೋ ನೆರವಿನಿಂದ ಅಂದಿನ ಮುಂಬಯಿ ರಾಜ್ಯದ ಸುಮಾರು ೧೫೦ ಹಳ್ಳಿಗಳಲ್ಲಿ ಒಂದು ಪ್ರಯೋಗ ಮಾಡಿದರು. ರೈತರು ಗುಂಪಾಗಿ ಕುಳಿತು ರೇಡಿಯೋ ಕೇಳುವುದು, ಕೇಳಿದ ಮೇಲೆ ತಮ್ಮತಮ್ಮಲ್ಲಿ ಚರ್ಚೆ ಮಾಡುವುದು, ಹುಟ್ಟಿದ ಪ್ರಶ್ನೆಗಳನ್ನು ನಿಲಯಕ್ಕೆ ಕಳಿಸುವುದು. ಬರೇ ಕೇಳಿದವರಿಗಿಂತ ಕೇಳಿ ಮಾತನಾಡಿದವರು ಹೆಚ್ಚು ಕಲಿತರೆಂಬುದು ಅದರಿಂದ ಕಂಡುಬಂತು. ಅಂದರೆ ನೋಡುವವರ, ಕೇಳುವವರ ಹರಟೆ ವ್ಯರ್ಥವಲ್ಲ. ಅದಕ್ಕೊಂದು ದಾರಿ ಬೇಕು.

ಅದೇ ಕೆಲಸವನ್ನು ನಾವೂ ಮಾಡಬಹುದು. ವಾರಕ್ಕೊಂದು ಸಂಜೆ ಹತ್ತು ಮಂದಿ ಒಟ್ಟಿಗೆ ಕುಳಿತು ಬೇಸಾಯದ ಮೂರು ನಾಲ್ಕು ಕಿರು ವಿಡಿಯೋ ನೋಡಿ. ನಗುವಂಥದಿದ್ದರೆ ಮನಸಾರೆ ನಗಿ. ನಮ್ಮ ಮಣ್ಣಿಗೆ ಇದು ಹಿಡಿಸೀತೇ, ಖರ್ಚು ಎಷ್ಟು, ನೀರು ಎಷ್ಟು ಎಂದು ವಾದ ಮಾಡಿ. ಕೊನೆಗೆ ಎಲ್ಲರೂ ಒಪ್ಪಿದ ಒಂದು ಪ್ರಶ್ನೆಯನ್ನು ಆ ವಿಡಿಯೋದ ಕೆಳಗೆ ಬರೆಯಿರಿ. ಜೊತೆಗೆ ಕರುವಿನ ಮಾತೊಂದನ್ನು ಸೇರಿಸಿದರೂ ಅಡ್ಡಿಯಿಲ್ಲ. ಕನ್ನಡ ಅಕ್ಷರದಲ್ಲೇ ಬರೆದರೆ ಊರಿನ ಹಿರಿಯರಿಗೂ ಓದಲು ಬರುತ್ತದೆ. ಉತ್ತರ ಬಂದಾಗ ಮುಂದಿನ ಸಂಜೆ ಅದನ್ನು ಎಲ್ಲರಿಗೂ ಓದಿ ಹೇಳಿ.

ಈ ಬಾರಿಯ ಕೂಟ ಮುಗಿದ ಮೇಲೆ ಯಾವ ಊರಿನವರು ಯಾವ ಸಂಜೆ ಸೇರುತ್ತೀರೆಂದು ಇಲ್ಲೇ ಗೊತ್ತುಮಾಡಿಕೊಂಡು ಹೊರಡಬೇಕೆಂದು ಕೇಳಿಕೊಳ್ಳುತ್ತೇನೆ.