ಎತ್ತಿನ ತಳಿಯೂ ತಾಯಿಯ ಹೆಸರೂ



ಸಂಘದ ವಾರ್ಷಿಕೋತ್ಸವದಲ್ಲಿ ಸಾಹಿತ್ಯ ಸಂಗೀತಗಳ ನಡುವೆ ದನಕರುಗಳ ಮಾತನ್ನು ತರುತ್ತಿರುವುದಕ್ಕೆ ಕಾರಣವುಂಟು. ಸೇಲಂ, ಧರ್ಮಪುರಿ ಸೀಮೆಯಲ್ಲಿ ನಮ್ಮ ಎಷ್ಟೋ ಮನೆತನಗಳು ಬೇಸಾಯವನ್ನೂ ಪಶುಪಾಲನೆಯನ್ನೂ ನಂಬಿ ಬಾಳಿದವು. ನಮ್ಮ ದನದ ತಳಿಗಳ ಹೆಸರು ಉಳಿಯುವುದೂ ಅಳಿಯುವುದೂ ಇಂದು ನಮ್ಮ ಕೈಯಲ್ಲಿಯೂ ಇದೆ.

ಜಾತ್ರೆಗಳಲ್ಲಿಯೂ ಪ್ರದರ್ಶನಗಳಲ್ಲಿಯೂ ಎತ್ತುಗಳನ್ನು ವಯಸ್ಸಿನಂತೆ ವಿಂಗಡಿಸುವುದು ಸುಲಭ. ಹಾಲುಹಲ್ಲಿನದು, ಎರಡು ಹಲ್ಲಿನದು, ನಾಲ್ಕು ಹಲ್ಲಿನದು, ಬಾಯಿಗೂಡಿದುದು ಎಂಬುದು ಬಾಯಿ ತೆರೆಸಿ ನೋಡಿದರೆ ತಿಳಿಯುತ್ತದೆ. ತಳಿಯಂತೆ ವಿಂಗಡಿಸುವುದು ಅಷ್ಟು ಸುಲಭವಲ್ಲ.

1953ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಪ್ರಕಟಿಸಿದ ಜೋಷಿ ಮತ್ತು ಫಿಲಿಪ್ಸ್ ಅವರ ಗ್ರಂಥವು ಅಮೃತಮಹಲ್, ಹಳ್ಳಿಕಾರ್, ಆಲಂಬಾಡಿ, ಬರ್ಗೂರು, ಕಂಗಾಯಂ, ಖಿಲಾರಿಗಳನ್ನು ಮೈಸೂರು ಮಾದರಿಯೆಂಬ ಒಂದೇ ಗುಂಪಿಗೆ ಸೇರಿಸಿತು. ಇವುಗಳಲ್ಲಿ ಬರ್ಗೂರನ್ನು ಗುರುತಿಸುವುದು ಕಷ್ಟವಲ್ಲ. ಕೆಂಗಂದು ಮೈಯ ಮೇಲೆ ಬಿಳಿಯ ಮಚ್ಚೆ ಅದರ ಲಕ್ಷಣ. ಈ ಬರ್ಗೂರು ಕೃಷ್ಣಗಿರಿಯ ಬಳಿಯ ಊರಲ್ಲ; ಈರೋಡು ಜಿಲ್ಲೆಯ ಅಂದಿಯೂರಿನ ಮೇಲಣ ಬೆಟ್ಟ. ಅಲ್ಲಿ ಆ ದನಗಳನ್ನು ಸಾಕಿಕೊಂಡು ಬಂದವರು ಕನ್ನಡ ನುಡಿಯುವ ಲಿಂಗಾಯತರು. ಆದರೆ ಬೂದುಬಣ್ಣದ ಆಲಂಬಾಡಿಯನ್ನೂ ಹಳ್ಳಿಕಾರನ್ನೂ ಬೇರ್ಪಡಿಸುವುದರಲ್ಲಿ ಪಳಗಿದ ಕಣ್ಣೂ ತಡವರಿಸುತ್ತದೆ. ಎರಡಕ್ಕೂ ಹಿಂದಕ್ಕೆ ಬಾಗಿ ಮೇಲೇರುವ ಕೊಂಬು, ಉಬ್ಬಿದ ಹಣೆ. ಆಲಂಬಾಡಿಯ ಹಣೆ, ಕಾಲುಗಳ ಮೇಲಿನ ಬಿಳಿಯ ಗುರುತೇ ಹೆಚ್ಚಾಗಿ ಆಧಾರ.

ಎತ್ತಿನಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ಬೀಜ ಒಡೆದ ಮೇಲೆ ಹೋರಿಯ ಕಪ್ಪು ತಿಳಿಯಾಗುತ್ತದೆ, ಭುಜ ಕುಗ್ಗುತ್ತದೆ. ಜಾತ್ರೆಗೆ ಮುನ್ನ ಕೊಂಬನ್ನು ಹೆರೆದು ಎಣ್ಣೆ ಹಚ್ಚಿದರೆ ಅದರ ಸಹಜ ರೂಪವೂ ಮರೆಯಾಗುತ್ತದೆ. ಹೀಗೆ ತಳಿಯ ಗುರುತುಗಳು ಯಾವ ಪ್ರಾಣಿಯಲ್ಲಿ ಮಸುಕಾಗಿವೆಯೋ ಆ ಪ್ರಾಣಿಯ ತಳಿಯನ್ನೇ ನಾವು ಕಣ್ಣಳತೆಯಿಂದ ತೀರ್ಮಾನಿಸುತ್ತಿದ್ದೇವೆ.

ಈ ತೊಡಕು ನಮ್ಮೊಬ್ಬರದೇ ಅಲ್ಲ. ಅಮೆರಿಕದ ಟೆಕ್ಸಾಸಿನ ದೊಡ್ಡ ಪ್ರದರ್ಶನಗಳಲ್ಲಿಯೂ ಬೀಜ ಒಡೆದ ಹೋರಿಗಳ ಮೈಕಟ್ಟು, ಬಣ್ಣಗಳನ್ನು ನೋಡಿ ತಳಿಯ ವರ್ಗವನ್ನು ನಿರ್ಧರಿಸುವ ಪರೀಕ್ಷಕರಿದ್ದಾರೆ. ಅಂತಹ ತೀರ್ಪು ಸ್ಪರ್ಧೆಯನ್ನು ನಡೆಸಲು ಸಾಕು. ವಂಶವನ್ನು ತಿಳಿಯಲು ಸಾಲದು.

ನಮಗಾದರೋ ವಂಶವೇ ಮುಖ್ಯ. ಎತ್ತಿಗೆ ಸಂತತಿಯಿಲ್ಲ, ಬಹುಮಾನದ ಎತ್ತು ಸತ್ತರೆ ಅದರ ಗುಣ ಉಳಿಯುವುದು ತಾಯಿಯಲ್ಲಿ, ಒಡಹುಟ್ಟಿದ ಕಡಸಿನಲ್ಲಿ. ಟ್ರಾಕ್ಟರ್ ಬಂದು ಎತ್ತಿನ ಬೇಡಿಕೆ ತಗ್ಗಿತು. ಹಾಲಿಗಾಗಿ ಜರ್ಸಿ, ಹೋಲ್‌ಸ್ಟೀನ್ ತಳಿಗಳೊಡನೆ ಮಿಶ್ರಣವಾಯಿತು. ಇಂತಹ ಕಾಲದಲ್ಲಿ ಆಲಂಬಾಡಿಯ ಎತ್ತನ್ನು ಹಳ್ಳಿಕಾರೆಂದೋ ಬರಿಯ ನಾಟಿಯೆಂದೋ ಬರೆದುಬಿಟ್ಟರೆ, ಅದನ್ನು ಹೆತ್ತ ಹಸುವನ್ನು ಹುಡುಕುವವರೇ ಇರುವುದಿಲ್ಲ. ಹೆಸರಿಲ್ಲದ ತಳಿಗೆ ಬಿತ್ತನೆ ಹೋರಿಯನ್ನು ಕಾದಿರಿಸುವವರು ಯಾರು?

ಊರಿನ ಹೆಸರೊಂದನ್ನೇ ನಂಬಿದರೂ ಆಗದು. ಆಲಂಬಾಡಿ ಎಂಬ ಊರಿರುವುದು ಹೊಗೇನಕಲ್ಲಿನ ಕಡೆ ಕಾವೇರಿಯ ಆಚೆ ದಡದಲ್ಲಿ. ಅದು ಸೇರಿದ್ದ ಕೊಳ್ಳೇಗಾಲ ತಾಲ್ಲೂಕು 1956ರಲ್ಲಿ ಮದರಾಸು ರಾಜ್ಯದಿಂದ ಮೈಸೂರಿಗೆ ಹೋಯಿತು. ಈಚೆ ದಡದಲ್ಲಿ 1965ರಲ್ಲಿ ಸೇಲಮಿನಿಂದ ಧರ್ಮಪುರಿಯೂ, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿಯೂ ಬೇರೆ ಜಿಲ್ಲೆಗಳಾದವು. ಗಡಿಗಳು ಬದಲಾದರೂ ತಳಿ ಎರಡು ದಡಗಳಲ್ಲಿಯೂ ಉಳಿಯಿತು. ಅದನ್ನು ಉಳಿಸಿದವರು ದೊಡ್ಡಿಯ ದನಗಾರರೇ ಹೊರತು ನಕ್ಷೆಯಲ್ಲ.

ಆದುದರಿಂದ ನಮ್ಮ ಸೂಚನೆಗಳು ಇಷ್ಟೆ. ಒಂದು: ಪ್ರದರ್ಶನದ ಚೀಟಿಯಲ್ಲಿ ಎತ್ತಿನ ಒಡೆಯನ ಹೆಸರಿನೊಡನೆ ತಾಯಿಹಸು, ತಂದೆಹೋರಿ ಮತ್ತು ಹುಟ್ಟಿದ ದೊಡ್ಡಿಯನ್ನೂ ಬರೆಯಬೇಕು. ಎರಡು: ಆಲಂಬಾಡಿಗೆ ಪ್ರತ್ಯೇಕ ವರ್ಗವಿರಬೇಕು, ಬಹುಮಾನದಲ್ಲಿ ತಾಯಿಹಸುವನ್ನು ಸಾಕಿದವರಿಗೂ ಪಾಲಿರಬೇಕು. ಮೂರು: ವಂಶ ತಿಳಿಯದ ಎತ್ತನ್ನು ಅವಮಾನಿಸದೆ, ಬಲ ಮತ್ತು ನಡಿಗೆಗಳಿಗಾಗಿ ಬೇರೆ ಸಾಲಿನಲ್ಲಿ ಗೌರವಿಸಬೇಕು.

ಇದಕ್ಕೆ ಸರ್ಕಾರದ ಆಜ್ಞೆಯನ್ನು ಕಾಯಬೇಕಾಗಿಲ್ಲ. ಮನೆಯಲ್ಲಿ ಕನ್ನಡ ಓದುವ ಮಕ್ಕಳಿದ್ದಾರೆ. ಕರು ಹುಟ್ಟಿದ ದಿನ, ತಾಯಿಯ ಹೆಸರು, ಬಣ್ಣ, ಸುಳಿಗಳನ್ನು ಅಜ್ಜನು ಹೇಳಲಿ, ಮೊಮ್ಮಗಳು ಪುಸ್ತಕದಲ್ಲಿ ಬರೆಯಲಿ. ದನವೂ ಉಳಿದೀತು, ದನದ ಮೈಯನ್ನು ಹೆಸರಿಸುವ ನಮ್ಮ ಹಿರಿಯರ ಮಾತುಗಳೂ ಉಳಿದಾವು.