ಮೆತ್ತನೆಯ ನೆಲದ ಮೇಲೆ ಮಕ್ಕಳು



ಬೇಸಿಗೆ ಸೂಟಿ ಬಂತೆಂದರೆ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ನಮ್ಮ ಮನೆಗಳಲ್ಲಿ ಮಕ್ಕಳದು ಒಂದೇ ಹಟ, ಹೈದರಾಬಾದಿಗೆ ಕರೆದುಕೊಂಡು ಹೋಗಿರೆಂದು. ಹಿಂದೆ ಹೈದರಾಬಾದೆಂದರೆ ಚಾರ್‌ಮಿನಾರ್, ಸಾಲಾರ್‌ಜಂಗ್ ಮ್ಯೂಸಿಯಂ, ಹುಲಿ ಸಿಂಹದ ಝೂ. ಈಗಿನ ಮಕ್ಕಳಿಗೆ ಮಾಲಿನೊಳಗಿನ ಆಟದ ಮನೆ ಬೇಕು. ತಾವು ನೋಡಿರಬಹುದು. ಕಂಬಕ್ಕೆಲ್ಲ ಫೋಮಿನ ಮೆತ್ತೆ, ನೆಲಕ್ಕೆ ಮ್ಯಾಟು, ಬಣ್ಣದ ಚೆಂಡುಗಳು ತುಂಬಿದ ಹೊಂಡ, ಬಲೆ ಕಟ್ಟಿದ ಮಹಡಿ, ತೂರಿ ಹೋಗುವ ಸುರಂಗ, ಜಾರುಬಂಡೆ, ಕುಣಿದರೆ ಪುಟಿಯುವ ಟ್ರ್ಯಾಂಪೊಲಿನ್. ಗಂಟೆಗೆ ಇಷ್ಟೆಂದು ಟಿಕೀಟು.

ಅಲ್ಲಿಗೆ ಹೋಗಬೇಡಿ ಎಂದು ಹೇಳಲು ನಾನು ಬಂದಿಲ್ಲ. ಮೊಮ್ಮಕ್ಕಳ ಜೊತೆ ನಾನೂ ಹೋಗುತ್ತೇನೆ. ಮೈ ದಣಿಯುವ ಹಾಗೆ ಆಡುವುದು ಮಕ್ಕಳಿಗೆ ಒಳ್ಳೆಯದೇ. ನಾನು ಹೇಳಬೇಕಾದುದು ಹೊರಗೆ ಕುರ್ಚಿಯ ಮೇಲೆ ಕೂತ ನಮ್ಮ ನಿಮ್ಮ ಬಗ್ಗೆ.

ನಮ್ಮ ಭಾಗದ ಎಷ್ಟೋ ಮನೆಗಳಿಗೆ ತಾಂಡೂರಿನ ಕಲ್ಲಿನ ಹಾಸು. ಬಿದ್ದರೆ ಏನಾಗುತ್ತದೆಂಬುದು ಎರಡು ವರ್ಷದ ಕೂಸಿಗೂ ಗೊತ್ತು, ಅದು ಓಡುವಾಗ ಮನೆಯವರ ಕಣ್ಣು ಅದರ ಹಿಂದೆಯೇ ಇರುತ್ತದೆ. ಮೆತ್ತನೆಯ ನೆಲ ಕಂಡ ಕೂಡಲೇ ಮಗುವಿನ ಹೆದರಿಕೆ ಹೋಗುತ್ತದೆ, ನಮ್ಮ ಲಕ್ಷ್ಯವೂ ಹೋಗುತ್ತದೆ. ಆದರೆ ಮ್ಯಾಟು ತಡೆಯುವುದು ಬಿದ್ದ ಪೆಟ್ಟನ್ನು ಮಾತ್ರ. ಓಡಿ ಬರುವ ಇನ್ನೊಂದು ಮಗುವಿನ ತಲೆ, ಮೊಣಕಾಲು, ಮೊಣಕೈಗಳಿಗೆ ಯಾರೂ ಫೋಮ್ ಕಟ್ಟಿರುವುದಿಲ್ಲ. ಇಂಥ ಜಾಗಗಳಲ್ಲಿ ಒಂದು ಮಗು ಇನ್ನೊಂದಕ್ಕೆ ಬಡಿದೂ ಪೆಟ್ಟಾಗುತ್ತದೆ.

ಟ್ರ್ಯಾಂಪೊಲಿನ್ ವಿಷಯವನ್ನೇ ನೋಡಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಹೇಳಿದ ಪ್ರಕಾರ ಅದರ ಮೇಲಾಗುವ ಗಾಯಗಳಲ್ಲಿ ಸುಮಾರು ಮುಕ್ಕಾಲು ಪಾಲು ಒಂದಕ್ಕಿಂತ ಹೆಚ್ಚು ಜನ ಏಕಕಾಲಕ್ಕೆ ಕುಣಿಯುವಾಗಲೇ ಆಗುತ್ತವೆ. ಅದರಲ್ಲೂ ಪೆಟ್ಟು ತಿನ್ನುವುದು ಚಿಕ್ಕವರು. ಹತ್ತು ವರ್ಷದವನು ಧೊಪ್ಪೆಂದು ಇಳಿದಾಗ ಪಕ್ಕದ ಮೂರು ವರ್ಷದ ಮಗು ತಾನು ಎಣಿಸದಷ್ಟು ಮೇಲಕ್ಕೆ ಚಿಮ್ಮುತ್ತದೆ. ಅಣ್ಣ ತಮ್ಮನನ್ನು ಕೈ ಹಿಡಿದು ಕುಣಿಸುವುದು ನೋಡಲು ಚೆಂದ, ಎಲ್ಲರೂ ಫೋಟೋ ಹೊಡೆಯುತ್ತಾರೆ. ಆದರೆ ಒಂದು ಚೌಕಕ್ಕೆ ಒಂದೇ ಮಗು ಇರಬೇಕು. ಚಿಕ್ಕವರಿಗೆ ಬೇರೆ ಭಾಗ ಮಾಡಿದ್ದರೆ ಚಿಕ್ಕವರು ಅಲ್ಲಿಯೇ ಆಡಲಿ, ಅಣ್ಣನ ಸಂಗಡ ಹೋಗುತ್ತೇನೆಂದು ಅತ್ತರೂ ಸರಿಯೇ.

ಜಾರುಬಂಡೆಯ ಮಾತು ಕೇಳಿದರೆ ಹಲವರಿಗೆ ಆಶ್ಚರ್ಯವಾಗಬಹುದು. ಕೂಸು ಹೆದರುತ್ತದೆಂದು ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾವೂ ಜಾರುತ್ತೇವೆ. ಪ್ರೀತಿಯ ಕೆಲಸವೇ, ಆದರೆ ಕಾಲು ಮುರಿಯುವುದು ಹೀಗೆಯೇ. ಕೂಸಿನ ಪಾದ ಅಂಚಿಗೋ ತಳಕ್ಕೋ ಸಿಕ್ಕು ನಿಲ್ಲುತ್ತದೆ, ಹಿಂದಿರುವ ನಮ್ಮ ಭಾರ ನಿಲ್ಲುವುದಿಲ್ಲ. ಮೊಣಕಾಲ ಕೆಳಗಿನ ಎಲುಬು ತಿರುಚಿ ಮುರಿಯುತ್ತದೆ. ಒಂದೇ ಜಾರುವಾಗ ಪಾದ ಸಿಕ್ಕರೆ ಅದರ ಹಗುರ ಮೈ ಅಲ್ಲಿಯೇ ತಡೆದು ನಿಲ್ಲುತ್ತದೆ. ತಾನೇ ಕೂತು ಜಾರಲಾರದ ಕೂಸಿಗೆ ಜಾರುಬಂಡೆ ಇನ್ನೊಂದು ವರ್ಷ ತಡವಾಗಿ ಸಿಕ್ಕರೆ ನಷ್ಟವೇನೂ ಇಲ್ಲ.

ಒಳಗೆ ಬಿಡುವ ಮೊದಲು ಮಗುವಿನ ಮೈ ನೋಡಿರಿ. ಕೊರಳಲ್ಲಿ ತಾಯಿತದ ಕರಿದಾರ, ಸೊಂಟದಲ್ಲಿ ಉಡದಾರ, ಹೆಣ್ಣು ಕೂಸಿನ ಕಾಲಲ್ಲಿ ಗೆಜ್ಜೆ, ದೊಡ್ಡ ಹುಡುಗಿಯ ಕೊರಳಲ್ಲಿ ಓಢಣಿ ಇರುತ್ತವೆ. ಇವೆಲ್ಲ ಬಲೆಗೆ, ಕೊಂಡಿಗೆ ಸಿಕ್ಕುವಂಥವು. ಕೊರಳಿನದು ಸಿಕ್ಕರೆ ಮಗುವಿಗೆ ಕೂಗಲೂ ಆಗುವುದಿಲ್ಲ. ದೃಷ್ಟಿಯಾಗಬಾರದೆಂದು ಆಯಿ ಕಟ್ಟಿದ ದಾರವನ್ನು ಒಂದು ತಾಸು ಬಿಚ್ಚಿ ತಮ್ಮ ಕಿಸೆಯಲ್ಲಿ ಇಟ್ಟುಕೊಳ್ಳಿರಿ, ಆಯಿಗೆ ನಾನೇ ಹೇಳಿದೆನೆಂದು ಹೇಳಿರಿ. ಮಗುವಿನ ಕಿಸೆಯಲ್ಲಿ ಪೆನ್ನು, ಬಾಯಲ್ಲಿ ಶೇಂಗಾ, ಚಾಕಲೇಟು ಇರಬಾರದು. ಕುಣಿಯುವಾಗ ಬಾಯಲ್ಲಿದ್ದುದು ಉಸಿರಿನ ದಾರಿ ಹಿಡಿಯುವುದಕ್ಕೆ ಹೊತ್ತು ಬೇಡ. ಚೆಂಡಿನ ಹೊಂಡದಲ್ಲಿ ಚಿಕ್ಕ ಮಗು ಕೂತರೆ ಮೇಲಿಂದ ಕಾಣುವುದೇ ಇಲ್ಲ, ಅದರ ಮೇಲೆ ಇನ್ನೊಬ್ಬ ಹಾರುತ್ತಾನೆ. ಅಲ್ಲಿ ಕೈಗೆ ಎಟುಕುವಷ್ಟು ಹತ್ತಿರದಲ್ಲಿ ನಿಂತಿರಬೇಕು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮಲ್ಲಿ ಒಬ್ಬಿಬ್ಬರು ಹೋಗುವ ಪದ್ಧತಿ ಇಲ್ಲ. ತಂದೆ ತಾಯಿ, ಕಾಕಾ, ಅತ್ತೆ, ಮುತ್ಯಾ, ಆಯಿ, ಜೀಪು ತುಂಬ ಜನ. ನೋಡುವವರು ಆರು ಮಂದಿ ಇದ್ದಾರೆಂದು ಎಲ್ಲರಿಗೂ ಧೈರ್ಯ. ಕಾಕಾ ನೋಡುತ್ತಾನೆಂದು ಅತ್ತೆ, ಅತ್ತೆ ನೋಡುತ್ತಾಳೆಂದು ಕಾಕಾ, ಕಡೆಗೆ ಆರೂ ಜನ ಮೊಬೈಲ್ ನೋಡುತ್ತಿರುತ್ತಾರೆ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಅಲ್ಲಿ ಒಬ್ಬನ ಕ್ಯಾಶು ಇನ್ನೊಬ್ಬನ ಕೈಗೆ ಹೋಗುವಾಗ ಎಣಿಸಿ, ಪುಸ್ತಕದಲ್ಲಿ ಬರೆದು, ಸಹಿ ಹಾಕಿ ಚಾರ್ಜ್ ಕೊಡಬೇಕು. ಚಹಾಕ್ಕೆ ಎದ್ದು ಹೋಗುವಾಗ “ಸ್ವಲ್ಪ ನೋಡ್ಕೊಳ್ರಿ” ಎಂದು ಗಾಳಿಯಲ್ಲಿ ಹೇಳಿ ಹೋದರೆ ನಡೆಯುವುದಿಲ್ಲ. ಮಕ್ಕಳ ವಿಷಯದಲ್ಲಿಯೂ ಇದೇ ರೀತಿ ಮಾಡಿರಿ. ಇಪ್ಪತ್ತು ನಿಮಿಷ ಒಬ್ಬರದೇ ಪಾಳಿ. ಹೆಸರು ಹಿಡಿದು “ಯಪ್ಪಾ, ಈಗ ನಿನ್ನ ಪಾಳಿ, ಮೂರು ಹುಡುಗರು ಒಳಗಿದ್ದಾರೆ” ಎಂದು ಹೇಳಬೇಕು, ಅವನು ಹೂಂ ಎನ್ನಬೇಕು. ಪಾಳಿಯವನ ಕೈಯಲ್ಲಿ ಮೊಬೈಲ್ ಬೇಡ. ಅಲ್ಲಿ ಸೀಟಿ ಹಿಡಿದು ನಿಂತ ಸಂಬಳದ ಹುಡುಗ ಐವತ್ತು ಮಕ್ಕಳನ್ನು ನೋಡಬೇಕು, ನಿಮ್ಮ ಮಗು ಯಾವುದೆಂದು ಅವನಿಗೆ ಗೊತ್ತಿರುವುದಿಲ್ಲ.

ಟಿಕೀಟು ಕೊಳ್ಳುವ ಮೊದಲು ಇನ್ನೊಂದು ಬಾಗಿಲು ಎಲ್ಲಿದೆ ಎಂದು ಹುಡುಕಿರಿ. 2024ರ ಮೇ 25, ಶನಿವಾರ, ಗುಜರಾತಿನ ರಾಜಕೋಟದಲ್ಲಿ ಟಿ.ಆರ್.ಪಿ. ಗೇಮ್ ಝೋನ್ ಎಂಬಲ್ಲಿ ಬೆಂಕಿ ಬಿದ್ದು 27 ಜನ ತೀರಿಕೊಂಡರು, ಅವರಲ್ಲಿ ಮಕ್ಕಳೂ ಇದ್ದರು. ಸೂಟಿಯ ದಿನ, ಜನ ತುಂಬಿತ್ತು. ಒಳಗೆ ವೆಲ್ಡಿಂಗ್ ಕೆಲಸ ನಡೆದಿತ್ತು, ಇಂಧನ ಸಂಗ್ರಹಿಸಿಟ್ಟಿದ್ದರು, ಅಗ್ನಿಶಾಮಕ ಇಲಾಖೆಯ ಪರವಾನಿಗೆ ಇರಲಿಲ್ಲ. ಪರವಾನಿಗೆ ತಪಾಸ ಮಾಡುವುದು ಸರ್ಕಾರದ ಕೆಲಸ, ನಮ್ಮದಲ್ಲ ನಿಜ. ಆದರೆ ಎರಡನೆಯ ಬಾಗಿಲಿಗೆ ಬೀಗ ಬಿದ್ದಿದೆಯೇ, ಅದರ ಮುಂದೆ ರಟ್ಟಿನ ಡಬ್ಬ ಒಟ್ಟಿದ್ದಾರೆಯೇ, ಒಳಗೆ ರಿಪೇರಿ ನಡೆದಿದೆಯೇ ಎಂಬುದನ್ನು ಕಣ್ಣಿದ್ದವರು ಯಾರೂ ನೋಡಬಹುದು. ಇದ್ದರೆ ವಾಪಸು ಬನ್ನಿ, ಮಕ್ಕಳಿಗೆ ಐಸ್‌ಕ್ರೀಂ ಕೊಡಿಸಿ ಸಮಾಧಾನ ಮಾಡಿ.

ಹೈದರಾಬಾದಿಗೆ ಹೋಗದವರಿಗೂ ಒಂದು ಮಾತು. ಜಾತ್ರೆ, ಎಗ್ಜಿಬಿಷನ್ನುಗಳಲ್ಲಿ ಗಾಳಿ ತುಂಬಿದ ಕುಣಿಯುವ ಕೋಟೆ ಬರುತ್ತದೆ. ಅದೂ ಮೆತ್ತನೆಯದೇ. ಆದರೆ 2021ರ ಡಿಸೆಂಬರ್ 16ರಂದು ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ, ಡೆವನ್‌ಪೋರ್ಟ್ ಎಂಬ ಊರಿನ ಶಾಲೆಯಲ್ಲಿ, ಗಾಳಿ ಅಂಥದೊಂದನ್ನು ಎತ್ತಿ ಒಗೆಯಿತು, ಆರು ಮಕ್ಕಳು ತೀರಿಕೊಂಡರು. ನಮ್ಮ ಕಡೆ ಮಳೆಗಾಲದ ಮುಂಚೆ ಏಳುವ ಬಿರುಗಾಳಿ ತಮಗೆ ಗೊತ್ತಿದ್ದದ್ದೇ. ಮೂಲೆಮೂಲೆಗೂ ಹಗ್ಗ ಬಿಗಿದು ಗೂಟ ಹೊಡೆದಿಲ್ಲದಿದ್ದರೆ, ಧೂಳೆದ್ದರೆ, ಮಕ್ಕಳನ್ನು ಇಳಿಸಿಬಿಡಿ.

ಪೆಟ್ಟಾದರೆ ಮಾಡಬೇಕಾದುದು ಸ್ವಲ್ಪವೇ. ಕೈಕಾಲು ಬಾತು ಊರಲಾಗದಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿರಿ, ಜಗ್ಗಬೇಡಿರಿ, ಎಕ್ಸ್‌ರೇ ಆಗಲಿ. ತಲೆಗೆ ಪೆಟ್ಟಾಗಿ ಮೇಲಿಂದ ಮೇಲೆ ವಾಂತಿ, ಎಬ್ಬಿಸಿದರೂ ಏಳದ ನಿದ್ದೆ, ತೊದಲು ಮಾತು ಕಂಡರೆ ಕೂಡಲೇ ಆಸ್ಪತ್ರೆ. ಇದು ಅಂದೇ ಕಾಣಬೇಕೆಂದಿಲ್ಲ, ಮರುದಿನವೂ ಕಾಣಬಹುದು. ಆಗ ಊರಿಗೆ ಮರಳಿರುತ್ತೀರಿ. ಜಹೀರಾಬಾದ್ ಕಡೆಯವರಿಗೆ ಬೀದರ್ ಹತ್ತಿರ. 108ಕ್ಕೆ ಗಡಿಯ ಈಚೆಯಿಂದಲೂ ಆಚೆಯಿಂದಲೂ ಫೋನ್ ಮಾಡಬಹುದು.

ಕೊನೆಗೆ ನಮ್ಮ ಗಡಿಯ ಮಕ್ಕಳದೇ ಒಂದು ತೊಂದರೆ. ಗದ್ದಲದಲ್ಲಿ ತಪ್ಪಿಸಿಕೊಂಡ ಮಗು ಮನೆಯ ಮಾತಿನಲ್ಲೇ ಅಳುತ್ತದೆ. ನಮ್ಮ ಕೂಸು “ಅವ್ವ ಬೇಕು” ಎಂದರೆ ತಾಯಿ ಬೇಕೆಂದು ಅರ್ಥ. ತೆಲುಗಿನಲ್ಲಿ ಅವ್ವ ಎಂದರೆ ಅಜ್ಜಿ, ಮುದುಕಿ. ಅಲ್ಲಿಯವರು ಪಾಪ, ಬಿಳಿಗೂದಲಿನವರನ್ನು ಹುಡುಕುತ್ತ ಹೋಗುತ್ತಾರೆ. ಕಾಲು ಎಂದರೆ ಎರಡು ಭಾಷೆಯಲ್ಲೂ ಕಾಲೇ, ಆದರೆ ನೋವು ಎಂದರೆ ತಿಳಿಯಲಿಕ್ಕಿಲ್ಲ, ನೊಪ್ಪಿ ಎನ್ನಬೇಕು. ಆದ್ದರಿಂದ ಹೊರಡುವ ಹಿಂದಿನ ದಿನ ಮಗುವಿಗೆ ತಂದೆ ತಾಯಿಯ ಪೂರ್ತಿ ಹೆಸರು, ಊರು, ಫೋನ್ ನಂಬರನ್ನು ಕನ್ನಡದಲ್ಲೂ ತೆಲುಗಿನಲ್ಲೂ ಬಾಯಿಪಾಠ ಮಾಡಿಸಿರಿ. ನಂಬರು ಹೇಳಲಾರದ ಚಿಕ್ಕ ಮಗುವಾದರೆ ಚೀಟಿಯಲ್ಲಿ ಬರೆದು ಅಂಗಿಯ ಒಳಮಗ್ಗುಲಿಗೆ ಹೊಲಿಯಿರಿ. ಪಿನ್ನು ಮಾತ್ರ ಬೇಡ, ಚುಚ್ಚುತ್ತದೆ.