ಸೊನ್ನೆ ಬೇರೆ, ಖಾಲಿ ಬೇರೆ: ಅಜ್ಜನ ಮಳೆ ಪುಸ್ತಕ

ಪುಣೆಯಲ್ಲಿ ಹತ್ತು ವರ್ಷದಿಂದ ಇದ್ದೀನಿ. ಎಂಟೆಕ್ ಮುಗಿಸಿ ಕೆಲಸಕ್ಕೆ ಬಂದವನು, ಇಲ್ಲೇ ಉಳಿದುಬಿಟ್ಟೆ. ನಾನು ಹವಾಮಾನ ವಿಜ್ಞಾನಿ ಅಲ್ಲ. ಆಫೀಸಿನಲ್ಲಿ ನನ್ನ ಕೆಲಸ ಡೇಟಾ ಪೈಪ್‌ಲೈನ್‌ಗಳದ್ದು, ಅಂದರೆ ಒಬ್ಬರ ಕೊಳಕು ಡೇಟಾವನ್ನು ತೊಳೆದು ಇನ್ನೊಬ್ಬರಿಗೆ ಕೊಡೋದು. ಇವತ್ತು ನಮ್ಮ ಮನೆಯದೇ ಒಂದು ಡೇಟಾ ಬಗ್ಗೆ ಮಾತಾಡ್ತೀನಿ. ಅದನ್ನು ತೊಳೆಯಲು ಹೋಗಿ ನಾನೇ ಹಾಳು ಮಾಡಿದ ಕತೆ ಅದು.

ನಮ್ಮೂರು ಮೂಡಿಗೆರೆ ಕಡೆ. ಸಣ್ಣ ತೋಟ, ಹೆಚ್ಚಾಗಿ ರೊಬಸ್ಟಾ ಕಾಫಿ, ಮಧ್ಯೆ ಮೆಣಸಿನ ಬಳ್ಳಿ. ಮಲೆನಾಡಿನವರಿಗೆ ಗೊತ್ತಿರುತ್ತೆ, ಕಾಫಿ ತೋಟ ಇರುವ ಎಷ್ಟೋ ಮನೆಗಳಲ್ಲಿ ಒಂದು ಮಳೆ ಮಾಪಕ ಇರುತ್ತೆ, ಒಂದು ಪುಸ್ತಕ ಇರುತ್ತೆ. ನಮ್ಮಜ್ಜ 1968ರಲ್ಲಿ ಶುರು ಮಾಡಿದರು. ಬೆಳಿಗ್ಗೆ ಎಂಟೂವರೆಗೆ ಕೊಡೆ ಹಿಡಿದುಕೊಂಡು ಹೋಗಿ, ಕೊಳವೆಯ ಕೆಳಗಿನ ನೀರನ್ನು ಗಾಜಿನ ಜಾರಿಗೆ ಸುರಿದು ನೋಡಿ, ಒಳಗೆ ಬಂದು ಬರೆಯೋದು. 1996ರಿಂದ ಅಪ್ಪ ಬರೀತಾರೆ. ಲೆಕ್ಕ ಇಂಚು, ಸೆಂಟ್‌ನಲ್ಲಿ. ಒಂದು ಇಂಚಿಗೆ ನೂರು ಸೆಂಟ್. ‘1-42’ ಅಂದರೆ ಒಂದು ಇಂಚು ನಲವತ್ತೆರಡು ಸೆಂಟ್, ಸುಮಾರು 36 ಮಿಲಿಮೀಟರ್. ಈಗಲೂ ನಮ್ಮ ಕಡೆ ಫೋನ್ ಮಾಡಿದರೆ ಆರೋಗ್ಯ ಕೇಳುವ ಮೊದಲು ‘ನಿಮ್ಮಲ್ಲಿ ಎಷ್ಟು ಸೆಂಟು?’ ಅಂತಾರೆ.

2019ರ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಷ್ಟೂ ಪುಸ್ತಕಗಳ ಫೋಟೋ ತೆಗೆದುಕೊಂಡು ಬಂದೆ. ಶನಿವಾರ ಭಾನುವಾರ ಕೂತು ಟೈಪ್ ಮಾಡಿದೆ. ಮೊದಲ ತಮಾಷೆ ಎಕ್ಸೆಲ್‌ನದ್ದು. ‘1-42’ ಅಂತ ಹೊಡೆದರೆ ಅದು ಜನವರಿ 1942 ಅಂತ ತಿಳ್ಕೊಳ್ಳುತ್ತೆ. ಅಜ್ಜ ಮಳೆ ಬರೆಯೋಕೆ ಶುರು ಮಾಡುವ ಮುಂಚಿನ ತಾರೀಕು! ಅದನ್ನು ಸರಿ ಮಾಡಿ, ಪೈಥಾನ್‌ನಲ್ಲಿ ಒಂದು ಸ್ಕ್ರಿಪ್ಟ್ ಬರೆದು, ವರ್ಷಕ್ಕೆ ಒಂದು ಚುಕ್ಕಿ ಇಟ್ಟು ಗ್ರಾಫ್ ಹಾಕಿದೆ. ಗೆರೆ ಹೆಚ್ಚುಕಡಿಮೆ ಮಟ್ಟಸವಾಗಿತ್ತು.

ಆ ವರ್ಷ ಏನಾಯಿತು ಅಂತ ನೆನಪಿಸಿಕೊಳ್ಳಿ. ಜೂನ್‌ನಲ್ಲಿ ಇಡೀ ದೇಶದಲ್ಲಿ ಮಳೆ 33 ಶೇಕಡಾ ಕಡಿಮೆ. ಆಗಸ್ಟ್ ಮೊದಲ ವಾರ ಆದಮೇಲೆ ಆಕಾಶ ಹರಿದುಬಿತ್ತು. ಕೊಡಗಿನಲ್ಲಿ, ನಮ್ಮ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಕುಸಿದು ಮನೆ, ಗದ್ದೆ, ತೋಟ ಹೋದವು. ಸೆಪ್ಟೆಂಬರ್ ಕೊನೆಗೆ ದೇಶದ ಒಟ್ಟು ಲೆಕ್ಕ ನೋಡಿದರೆ ವಾಡಿಕೆಗಿಂತ 10 ಶೇಕಡಾ ಜಾಸ್ತಿ. ಒಟ್ಟು ಮೊತ್ತ ಮಾತ್ರ ನೋಡಿದವನಿಗೆ ಅದು ‘ಒಳ್ಳೆ ಮಳೆಗಾಲ’.

ದೀಪಾವಳಿಗೆ ಹೋದಾಗ ಮನೆ ತುಂಬಾ ನೆಂಟರು. ಅಪ್ಪ ಎಂದಿನಂತೆ ಶುರು ಮಾಡಿದರು: ‘ಆರಿದ್ರಾ ಮಳೆ ಅಂದ್ರೆ ಮೊದ್ಲು ಹಿಡಿದ್ರೆ ಬಿಡ್ತಿರಲಿಲ್ಲ. ಈಗ ಮಳೆ ಎಲ್ಲಿದೆ?’ ನಾನು ಲ್ಯಾಪ್‌ಟಾಪ್ ತೆಗೆದು ಎಲ್ಲರ ಮುಂದೆ ಗ್ರಾಫ್ ತೋರಿಸಿದೆ. ‘ಅಪ್ಪ, ಮಳೆ ಕಡಿಮೆ ಆಗಿಲ್ಲ. ನಿಮ್ಮ ಪುಸ್ತಕವೇ ಹೇಳ್ತಿದೆ. ಹಳೇದು ಚೆನ್ನಾಗಿತ್ತು ಅಂತ ಎಲ್ಲರಿಗೂ ಅನ್ಸುತ್ತೆ, ಅಷ್ಟೇ’ ಅಂದೆ. ಮಾವ ನಕ್ಕರು. ಅಪ್ಪ ‘ಹಂಗಾದ್ರೆ ಸರಿ ಬಿಡು’ ಅಂದು ಎದ್ದು ಹೋದರು. ನಾನು ಅದನ್ನು ಗಮನಿಸಲೂ ಇಲ್ಲ.

ಮಾರ್ಚ್ 2020ರಲ್ಲಿ ಪುಣೆಯಲ್ಲಿ ಕೊರೊನಾ ಕಾಣಿಸಿಕೊಂಡು ಆಫೀಸಿನವರು ಮನೆಯಿಂದ ಕೆಲಸ ಮಾಡಿ ಅಂದರು. ಲಾಕ್‌ಡೌನ್‌ಗೆ ಮುಂಚೆಯೇ ಊರು ಸೇರಿದೆ. ಒಂದು ದಿನ ಸುಮ್ಮನೆ ಪುಸ್ತಕ ತೆಗೆದೆ. ದೀಪಾವಳಿಯಿಂದ ಈಚೆಗೆ ಖಾಲಿ. ಸುಮಾರು ಐದು ತಿಂಗಳು. ‘ಯಾಕಪ್ಪಾ?’ ಅಂತ ಕೇಳಿದ್ದಕ್ಕೆ, ‘ನಿನ್ನ ಹತ್ರ ಕಂಪ್ಯೂಟರಲ್ಲಿ ಇದೆಯಲ್ಲ’ ಅಂದರು.

ಸಿಟ್ಟಲ್ಲೂ ಹೇಳಿದ್ದಲ್ಲ, ಅದೇ ಕಷ್ಟ ಆಗಿದ್ದು. 1968ರಿಂದ ಮದುವೆ, ಸಾವು, ಬೆಳೆ ಬಿದ್ದ ವರ್ಷ ಎಲ್ಲದರ ನಡುವೆ ನಡೆದುಬಂದ ಕೆಲಸ ನನ್ನ ಒಂದು ಗ್ರಾಫ್‌ಗೆ ನಿಂತುಹೋಗಿತ್ತು. ಡಿಲೀಟ್ ಆದ ಫೈಲನ್ನು ಬ್ಯಾಕಪ್‌ನಿಂದ ತರಬಹುದು. ಹೋದ ಮಳೆಯನ್ನು ವಾಪಸ್ ಅಳೆಯೋಕೆ ಆಗಲ್ಲ.

ಆಮೇಲೆ ಲಾಕ್‌ಡೌನ್ ಪೂರ್ತಿ ಅಪ್ಪನ ಜೊತೆ ಕೂತು ಪುಟ ಪುಟ ಓದಿದೆ. ಮೊದಲೇ ಮಾಡಬೇಕಿತ್ತು. ಒಂದೊಂದೇ ತಪ್ಪು ಹೊರಗೆ ಬಂತು.

ಅಜ್ಜ ಮಳೆ ಇಲ್ಲದ ದಿನ ಒಂದು ಅಡ್ಡಗೆರೆ ಎಳೆಯುತ್ತಿದ್ದರು. ಅವರು ಊರಲ್ಲಿ ಇಲ್ಲದ ದಿನ ಜಾಗ ಖಾಲಿ ಬಿಡುತ್ತಿದ್ದರು. ಅಪ್ಪ ಹಾಗಲ್ಲ, ಮಳೆ ಇಲ್ಲ ಅಂದರೆ ಏನೂ ಬರೆಯೋದೇ ಇಲ್ಲ. ನನ್ನ ಸ್ಕ್ರಿಪ್ಟ್ ಎಲ್ಲ ಖಾಲಿಗೂ ಸೊನ್ನೆ ತುಂಬಿತ್ತು. ನಲ್‌ಗೂ ಸೊನ್ನೆಗೂ ವ್ಯತ್ಯಾಸ ಏನು ಅಂತ ಫ್ರೆಶರ್‌ಗಳನ್ನು ಇಂಟರ್‌ವ್ಯೂನಲ್ಲಿ ಕೇಳುವ ಮನುಷ್ಯ ನಾನು! ಅಜ್ಜ ಒಂದು ಜುಲೈ ತಿಂಗಳಲ್ಲಿ ಮೂರು ವಾರ ಆಸ್ಪತ್ರೆಯಲ್ಲಿದ್ದರಂತೆ. ನನ್ನ ಲೆಕ್ಕದಲ್ಲಿ ಆ ಜುಲೈಯಲ್ಲಿ ಮಲೆನಾಡಿಗೆ ಬರಗಾಲ. ಇಂಥ ಖಾಲಿಗಳೆಲ್ಲ ಅಜ್ಜನ ಕಾಲದಲ್ಲೇ ಇದ್ದಿದ್ದರಿಂದ ಹಳೆಯ ವರ್ಷಗಳ ಮೊತ್ತ ತಗ್ಗಿ, ಗೆರೆ ಮಟ್ಟಸ ಆಗಿತ್ತು.

ತಾರೀಕಿನದ್ದು ಇನ್ನೊಂದು. ಹವಾಮಾನ ಇಲಾಖೆಯ ಪದ್ಧತಿಯಲ್ಲಿ ಇವತ್ತು ಬೆಳಿಗ್ಗೆ ಎಂಟೂವರೆವರೆಗಿನ 24 ಗಂಟೆಯ ಮಳೆಯನ್ನು ಇವತ್ತಿನ ತಾರೀಕಿಗೇ ಬರೀತಾರೆ. ಅಜ್ಜನೂ ಹಾಗೇ ಬರೆದಿದ್ದರು. ಅಪ್ಪ ‘ನಿನ್ನೆ ಬಂದ ಮಳೆ ನಿನ್ನೆಗೇ’ ಅಂತ ಹಿಂದಿನ ದಿನಕ್ಕೆ ಬರೀತಿದ್ದರು. ಎರಡಕ್ಕೂ ಅರ್ಥ ಇದೆ, ಆದರೆ ಬೇರೆ ದಾಖಲೆ ಜೊತೆ ಹೋಲಿಸುವಾಗ ಎಲ್ಲ ಒಂದು ದಿನ ಆಚೀಚೆ.

ಮೂರನೆಯದು ಮಾಪಕ ಇಟ್ಟ ಜಾಗ. ಹತ್ತಿರದ ಮರ ಎಷ್ಟು ಎತ್ತರವೋ ಅದರ ಎರಡು ಪಟ್ಟಾದರೂ ದೂರದಲ್ಲಿ ಮಾಪಕ ಇರಬೇಕು. ನಮ್ಮದು ಬೇಲಿ ಸಾಲಿನ ಹತ್ತಿರ ಇತ್ತು. ಅಜ್ಜ ಇಟ್ಟಾಗ ಅಲ್ಲಿ ಸೊಂಟದೆತ್ತರದ ಸಿಲ್ವರ್ ಓಕ್ ಸಸಿಗಳು. ಮೂವತ್ತು ವರ್ಷದಲ್ಲಿ ಅವು ಎಲ್ಲಿಗೆ ಹೋಗಿರುತ್ತವೆ ನೀವೇ ಯೋಚಿಸಿ. ಮರ ಬೆಳೆದಂತೆ ಮಾಪಕಕ್ಕೆ ಬೀಳುವ ಮಳೆ ಕಡಿಮೆಯಾಗುತ್ತೆ, ಊರಿಗೆ ಬಿದ್ದ ಮಳೆ ಅಲ್ಲ. ಆಮೇಲೆ ಅದನ್ನು ಕಾಫಿ ಒಣಗಿಸುವ ಕಣಕ್ಕೆ ತಂದಿದ್ದರು. ಯಾವಾಗ ಅಂತ ಪುಸ್ತಕದಲ್ಲಿ ಇಲ್ಲ. ಅಮ್ಮ ಒಳಗಿಂದಲೇ ಹೇಳಿದರು, ‘ನಿನ್ನ ತಂಗಿ ಹುಟ್ಟಿದ ವರ್ಷ ಅಲ್ವಾ, ಬಾಣಂತನದ ಬಟ್ಟೆ ಒಣಹಾಕೋಕೆ ಅದು ಅಡ್ಡ ಬರ್ತಿತ್ತು.’ ನನ್ನ ಡೇಟಾದ ಅತ್ಯಂತ ಮುಖ್ಯವಾದ ಟಿಪ್ಪಣಿ ಅಡುಗೆಮನೆಯಿಂದ ಬಂತು.

ಇಷ್ಟೆಲ್ಲ ಆದಮೇಲೆ ಒಟ್ಟು ಮಳೆ ಇಳಿದಿದೆಯಾ ಅಂದರೆ, ಮರದ ಲೆಕ್ಕ ಗೊತ್ತಿಲ್ಲದೆ ನಾನು ಹೇಳಲಾರೆ. ಆದರೆ ಅಪ್ಪ ಕೇಳಿದ್ದು ಒಟ್ಟು ಮಳೆಯನ್ನೇ ಅಲ್ಲ. ಅವರು ಹೇಳಿದ್ದು ಆರಿದ್ರಾ ಮಳೆ. ಅಂದರೆ ಜೂನ್ 21-22ರಿಂದ ಜುಲೈ ಮೊದಲ ವಾರದವರೆಗೆ, ಬಿಡದೆ ಸುರಿಯುವ ಮಳೆ. ಅವರು ‘ಯಾವಾಗ, ಹೇಗೆ’ ಅಂದರೆ ನಾನು ‘ಎಷ್ಟು’ ಅಂತ ಉತ್ತರ ಕೊಟ್ಟಿದ್ದೆ.

ಹಾಗಾಗಿ ದಿನಗಳನ್ನು ಎಣಿಸಿದೆ. 2.5 ಮಿಲಿಮೀಟರ್ ಅಥವಾ ಹೆಚ್ಚು ಬಿದ್ದರೆ ಅದನ್ನು ಇಲಾಖೆ ‘ಮಳೆ ದಿನ’ ಅನ್ನುತ್ತೆ. ನಮ್ಮ ಲೆಕ್ಕದಲ್ಲಿ ಹತ್ತು ಸೆಂಟ್. ಮಲೆನಾಡಿನ ಮಳೆಗಾಲದಲ್ಲಿ ಮರ ಅಡ್ಡ ಬಂದರೆ ಎರಡು ಇಂಚು ಒಂದೂವರೆ ಆಗಬಹುದು, ಸೊನ್ನೆ ಆಗಲ್ಲ. ಆದ್ದರಿಂದ ಮೊತ್ತಕ್ಕಿಂತ ಎಣಿಕೆಯನ್ನು ಹೆಚ್ಚು ನಂಬಬಹುದು. ಪೂರ್ತಿ ಬರೆದ ಜೂನ್‌ಗಳನ್ನು ಮಾತ್ರ ತೆಗೆದುಕೊಂಡೆ. ಅಪ್ಪ ಸರಿ ಇದ್ದರು. ಜೂನ್‌ನ ಮಳೆ ದಿನಗಳು ಕಡಿಮೆಯಾಗಿದ್ದವು. ಇನ್ನೊಂದು ಕಡೆ, ಒಂದೇ ದಿನ ಐದಾರು ಇಂಚು ಬಿದ್ದ ಸಾಲುಗಳು ಇತ್ತೀಚಿನ ಪುಸ್ತಕಗಳಲ್ಲಿ ಹೆಚ್ಚು ಕಾಣುತ್ತಿದ್ದವು.

ಒಬ್ಬರು ಗೆಳೆಯರು ಕೇಳಿದರು, ಪಂಚಾಂಗವೇ ಜಾರಿದ್ದರೆ? ಒಳ್ಳೆ ಪ್ರಶ್ನೆ. ಮಳೆ ನಕ್ಷತ್ರಗಳು ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಅನ್ನೋದರ ಮೇಲೆ ನಿಂತಿವೆ. ಭೂಮಿಯ ಅಕ್ಷ ನಿಧಾನಕ್ಕೆ ತಿರುಗುವುದರಿಂದ ಅವು ಋತುಗಳಿಗೆ ಹೋಲಿಸಿದರೆ ಸುಮಾರು 72 ವರ್ಷಕ್ಕೆ ಒಂದು ದಿನ ಮುಂದೆ ಜಾರುತ್ತವೆ. ನಮ್ಮ ಐವತ್ತು ವರ್ಷದ ಪುಸ್ತಕದಲ್ಲಿ ಒಂದು ದಿನವೂ ಆಗಲ್ಲ. ಅದರ ಮೇಲೆ ತಪ್ಪು ಹೊರಿಸೋಕೆ ಬರಲ್ಲ.

ಒಂದು ತೋಟದ ಪುಸ್ತಕದಿಂದ ಹವಾಮಾನ ಬದಲಾಗಿದೆ ಅಂತ ಸಾಬೀತಾಗುತ್ತಾ? ಇಲ್ಲ. ಮಳೆ ಅಷ್ಟು ಸ್ಥಳೀಯ. 26 ಜುಲೈ 2005 ಮುಂಬೈಯವರಿಗೆ ಮರೆಯೋಕೆ ಆಗಲ್ಲ. ಆ 24 ಗಂಟೆಯಲ್ಲಿ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್, ಅದೇ ನಗರದ ಕೊಲಾಬಾದಲ್ಲಿ 73. ಒಂದೇ ಮಾಪಕ ನಂಬಿದ್ದರೆ ಕೊಲಾಬಾದವರು ‘ಏನೂ ಆಗಿಲ್ಲ’ ಅಂತಿದ್ದರು.

ಆದರೆ ನಮ್ಮ ಪುಸ್ತಕ ಒಂಟಿಯಲ್ಲ. ನಾನು ದಿನಾ ಪುಣೆಯ ಸಿಮ್ಲಾ ಆಫೀಸ್ ಚೌಕ ದಾಟಿ ಹೋಗ್ತಿದ್ದೆ. ಆ ಹೆಸರು ಯಾಕೆ ಅಂತ ಎಷ್ಟೋ ವರ್ಷ ಗೊತ್ತಿರಲಿಲ್ಲ. ಹವಾಮಾನ ಇಲಾಖೆಯ ಮುಖ್ಯ ಕಚೇರಿ 1928ರಲ್ಲಿ ಸಿಮ್ಲಾದಿಂದ ಪುಣೆಗೆ ಬಂದಿತ್ತು, ಜನ ಹಳೆ ಹೆಸರು ಬಿಡಲಿಲ್ಲ. ದೇಶದ ಮಳೆ ಮಾಪಕಗಳ ದಾಖಲೆ ಬಂದು ಸೇರುವುದು ಇದೇ ಪುಣೆಗೆ. 1901ರಿಂದ ಈಚಿನ ದಿನದಿನದ ಮಳೆಯನ್ನು ಚೌಕುಳಿ ಮಾಡಿ ಇಲಾಖೆ ಕೊಡುತ್ತೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅಂಥ ದಾಖಲೆಗಳನ್ನು ಇಟ್ಟುಕೊಂಡು ಬಿ. ಎನ್. ಗೋಸ್ವಾಮಿ ಮತ್ತು ಸಂಗಡಿಗರು 2006ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. 1951ರಿಂದ 2000ದವರೆಗೆ ಮಧ್ಯ ಭಾರತದಲ್ಲಿ ಅತಿ ಜೋರು ಮಳೆ ಹೆಚ್ಚಾಗಿದೆ, ಸಾಧಾರಣ ಮಳೆ ಕಡಿಮೆಯಾಗಿದೆ, ಎರಡೂ ಒಂದನ್ನೊಂದು ಸರಿದೂಗಿಸಿ ಸರಾಸರಿ ಮಾತ್ರ ಅಲ್ಲೇ ನಿಂತಿದೆ ಅಂತ. ಅದನ್ನು ಓದಿದಾಗ ದೀಪಾವಳಿಯ ನನ್ನ ಗ್ರಾಫ್ ಕಣ್ಣ ಮುಂದೆ ಬಂತು. ನನ್ನ ಮನೆಯ ಪಕ್ಕದ ಊರಿನ ಸಂಸ್ಥೆಯ ಮೇಲೆ ಇಷ್ಟು ಕೆಲಸ ನಡೆದಿದ್ದಾಗ ನಾನು ಚುಕ್ಕಿ ಜೋಡಿಸಿ ಅಪ್ಪನಿಗೆ ಪಾಠ ಹೇಳಿದ್ದೆ. 2017ರಲ್ಲಿ ಇಲ್ಲೇ ಪಾಷಾಣ್‌ನ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಅವರ ತಂಡ, 1950ರಿಂದ 2015ರೊಳಗೆ ಮಧ್ಯ ಭಾರತದಲ್ಲಿ ವಿಶಾಲ ಪ್ರದೇಶಕ್ಕೆ ಹರಡುವ ವಿಪರೀತ ಮಳೆ ಮೂರು ಪಟ್ಟಾಗಿದೆ ಅಂತ ತೋರಿಸಿತು. ಕಾರಣದ ಒಂದು ಭಾಗ ಸರಳ. ಗಾಳಿ ಒಂದು ಡಿಗ್ರಿ ಬೆಚ್ಚಗಾದರೆ ಸುಮಾರು 7 ಶೇಕಡಾ ಹೆಚ್ಚು ನೀರಾವಿ ಹಿಡಿದುಕೊಳ್ಳುತ್ತೆ. ಬಿಡುವಾಗ ಒಟ್ಟಿಗೇ ಬಿಡುತ್ತೆ.

ಎಲ್ಲ ಬದಲಾವಣೆಯನ್ನೂ ಇದಕ್ಕೇ ಅಂಟಿಸಬಾರದು. 2022ರಲ್ಲಿ ಇಲಾಖೆ ಮುಂಗಾರಿನ ವಾಡಿಕೆ ಮಳೆಯನ್ನು 880.6ರಿಂದ 868.6 ಮಿಲಿಮೀಟರ್‌ಗೆ ಇಳಿಸಿತು, 1971-2020ರ ಸರಾಸರಿ ಹಿಡಿದು. ಹಲವು ದಶಕಗಳ ಒಣ ಕಾಲ, ಹಸಿ ಕಾಲ ಸಹಜವಾಗಿ ಬಂದುಹೋಗುತ್ತವೆ, ಇದೂ ಅದರ ಭಾಗ ಅಂತ ಇಲಾಖೆಯೇ ಹೇಳಿತ್ತು. ಹಾಗಾಗಿಯೇ ಹತ್ತು ವರ್ಷದ ದಾಖಲೆ ಸಾಲದು, ಐವತ್ತು, ನೂರು ವರ್ಷದ್ದು ಬೇಕು.

ಇದೆಲ್ಲ ಅಪ್ಪನಿಗೆ ಏನಕ್ಕೆ ಬೇಕು? ಹೂಮಳೆಗೆ. ರೊಬಸ್ಟಾಗೆ ಫೆಬ್ರವರಿ ಮಾರ್ಚ್‌ನಲ್ಲಿ ಒಂದು ಇಂಚಿಗೆ ಮೇಲೆ ಒಳ್ಳೆ ಮಳೆ ಬೇಕು. ಬಂದರೆ ಒಂದು ವಾರ, ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತೆ. ಮೂವತ್ತು ಸೆಂಟ್ ಬಂದು ನಿಂತರೆ ಬರದೇ ಇದ್ದಿದ್ದಕ್ಕಿಂತ ಕೆಟ್ಟದ್ದು, ಮೊಗ್ಗು ಅರ್ಧಕ್ಕೆ ಕೆಡುತ್ತೆ. ಪ್ರತಿ ಫೆಬ್ರವರಿಯಲ್ಲಿ ಅಪ್ಪನ ಮುಂದೆ ಇರುವ ಪ್ರಶ್ನೆ, ಮಳೆಗೆ ಕಾಯೋದಾ, ಡೀಸೆಲ್ ಸುಟ್ಟು ಹಳ್ಳದ ನೀರು ಎತ್ತಿ ಸ್ಪ್ರಿಂಕ್ಲರ್ ಹಾಕೋದಾ? ಆ ಹಳ್ಳದಲ್ಲಿ ಕೆಳಗಿನ ಮನೆಯವರಿಗೂ ನೀರು ಉಳಿಯಬೇಕು. ‘ಮಾರ್ಚ್ ಸರಾಸರಿ ಇಷ್ಟು’ ಅನ್ನೋದು ಇದಕ್ಕೆ ಯಾವ ಉಪಯೋಗಕ್ಕೂ ಇಲ್ಲ. ಎಷ್ಟು ವರ್ಷಗಳಲ್ಲಿ ಮಾರ್ಚ್ 15ರ ಒಳಗೆ ಒಂದೇ ದಿನ ಒಂದು ಇಂಚು ಬಂತು ಅಂತ ನೋಡಬೇಕು. ಅದು ಪುಸ್ತಕದಲ್ಲಿ ಇದೆ. ಈಗ ನಾವಿಬ್ಬರೂ ಜನವರಿಯಲ್ಲಿ ಕೂತು ಆ ಪಟ್ಟಿ ನೋಡ್ತೀವಿ. 2020ರ ಸಾಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದೆ. ಅದು ನನ್ನದು.

ಅಪ್ಪ ಆ ಏಪ್ರಿಲ್‌ನಿಂದ ಮತ್ತೆ ಬರೆಯೋಕೆ ಶುರು ಮಾಡಿದರು. ಕ್ಷಮೆ ಕೇಳಿದ್ದಕ್ಕೆ ‘ಆಯ್ತು ಮಾರಾಯ, ಕೊಡೆ ತಗೊಂಡು ನೀನೇ ಹೋಗಿ ನೋಡ್ಕೊಂಡು ಬಾ’ ಅಂದರು. ಮೊದಲ ದಿನ ಜಾರನ್ನು ಓರೆ ಹಿಡಿದು ತಪ್ಪು ಓದಿದೆ. ಈಗ ಮಳೆ ಇಲ್ಲದ ದಿನ ಅವರೂ ಅಡ್ಡಗೆರೆ ಎಳೀತಾರೆ. ಮಂಡಿ ನೋವು ಶುರುವಾಗಿದೆ, ಇನ್ನೆಷ್ಟು ವರ್ಷ ಕಣದವರೆಗೆ ಹೋಗ್ತಾರೋ. ಪುಣೆಯಲ್ಲಿ ಕೂತು ನಾನು ಆ ನೀರು ಅಳೆಯೋಕೆ ಆಗಲ್ಲ. ಆಟೊಮ್ಯಾಟಿಕ್ ಯಂತ್ರ ತಂದಿಡೋಣ ಅಂದೆ. ಇಡು, ಆದರೆ ಮೊದಲ ಎರಡು ವರ್ಷ ಹಳೇದರ ಪಕ್ಕದಲ್ಲೇ ಇಡು, ಎರಡೂ ಒಂದೇ ಹೇಳುತ್ತಾ ನೋಡೋಣ ಅಂದರು. ಯಾವ ಎಂಟೆಕ್‌ನಲ್ಲೂ ಇದಕ್ಕಿಂತ ಸರಿಯಾದ ಉತ್ತರ ಸಿಗಲ್ಲ.

ನಿಮ್ಮ ಮನೆಯಲ್ಲೂ ಇಂಥ ಪುಸ್ತಕ ಇರಬಹುದು. ಅಟ್ಟದ ಮೇಲೆ, ಹಳೆ ಡೈರಿಗಳಲ್ಲಿ, ಕ್ಯಾಲೆಂಡರ್ ಚೌಕಗಳಲ್ಲಿ. ಮುಂದಿನ ಸಲ ಊರಿಗೆ ಹೋದಾಗ ಗೆದ್ದಲು ಹಿಡಿಯುವ ಮುಂಚೆ ಫೋಟೋ ತೆಗೆಯಿರಿ. ಆದರೆ ಫೋಟೋ ತೆಗೆದು ಓಡಿಬರಬೇಡಿ. ಬರೆದವರ ಪಕ್ಕ ಕೂತು ಕೇಳಿ: ಮಾಪಕ ಎಲ್ಲಿತ್ತು, ಯಾವಾಗ ಜಾಗ ಬದಲಾಯಿತು, ಖಾಲಿ ಅಂದರೆ ಏನು, ನೀವು ಊರಲ್ಲಿ ಇಲ್ಲದಾಗ ಯಾರು ನೋಡ್ತಿದ್ದರು. ಅಡುಗೆಮನೆಯಲ್ಲಿ ಇರುವವರನ್ನೂ ಕೇಳಿ.

ನನ್ನ ಸ್ಕ್ರಿಪ್ಟ್ ಬೇಕಾದವರು ತಿಳಿಸಿ, ಕಳಿಸ್ತೀನಿ. ಖಾಲಿಗೆ ಸೊನ್ನೆ ತುಂಬುವ ಸಾಲನ್ನು ತೆಗೆದಿದ್ದೀನಿ. ಈಗ ಪ್ರಶ್ನೆಗಳಿದ್ದರೆ ಕೇಳಿ.